ಒಂದು ಮನೆ, ಎರಡು ಒಲೆ

"ಏನಪ್ಪಾ, ಅಂಗಡಿ ಬಾಗಿಲು ತೆಗೆದ್ರಿ ಅಂತ ಖುಷಿಪಟ್ಟರೆ ಮನೆ ಬಾಗಿಲು ಹಾಕ್ಕೊಂಡುಬಿಟ್ಟಿದೆಯಲ್ಲ!"

2007ರಲ್ಲಿ ಒಂದು ಬೆಳಗ್ಗೆ ಎಂಟೂಕಾಲಿಗೆ ಫೋನಿನಲ್ಲಿ ಕೇಳಿದ ಮಾತಿದು. ಆ ಕಡೆ ಇದ್ದವರು ಬೆಂಗಳೂರಿನ ಒಬ್ಬ ಪುಸ್ತಕ ಪ್ರಕಾಶಕರು. ಈ ಕಡೆ ನಾನು. ಜಯನಗರದ ಮಹಡಿಯ ಮೇಲೆ ನಮ್ಮ ಎರಡು ಕೋಣೆಯ ಆಫೀಸು. ಹಿಂದಿನ ರಾತ್ರಿ ಒಂದೂವರೆಯವರೆಗೆ ಕೂತು ಅವರ ವೆಬ್‌ಸೈಟಿಗೆ ಪುಸ್ತಕದಂಗಡಿ ಜೋಡಿಸಿ, ಅಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದೆ. ಅಂಗಡಿ ತೆರೆದಿತ್ತು, ನಿಜ. ಪುಸ್ತಕಗಳ ಮುಖಪುಟ, ಬೆಲೆ, ಬುಟ್ಟಿ, ಎಲ್ಲ ಚಂದವಾಗಿ ಕಾಣುತ್ತಿದ್ದವು. ಆದರೆ ಎರಡು ವರ್ಷದಿಂದ ನಡೆಯುತ್ತಿದ್ದ ಬರಹಗಳ ತಾಣ, ಅಂದರೆ ಅವರು ಮನೆ ಎಂದದ್ದು, ಅವರ ಪಾಲಿಗೆ ಮುಚ್ಚಿಹೋಗಿತ್ತು.

ಪಾಲಿಗೆ ಎಂದೆ. ಅದೇ ವಿಚಿತ್ರ. ಅವರ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ಬೈಗುಳದ ಹಾಗೆ ನಾಲ್ಕೈದು ಸಾಲು. ಪಕ್ಕದ ಕೋಣೆಯಲ್ಲಿ ಮೊಮ್ಮಗ ತನ್ನ ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲ ಸರಿ. "ನಂದು ಹಳೇ ಮಿಷೀನು, ಅದಕ್ಕೇ ಇರಬೇಕು" ಎಂದು ಪಾಪ ಅವರೇ ತಪ್ಪನ್ನು ತಲೆಯ ಮೇಲೆ ಹಾಕಿಕೊಳ್ಳಲು ಹೊರಟಿದ್ದರು. ಅರ್ಧ ಕ್ಷಣ ನನಗೂ ಹಾಗೇ ಬಿಟ್ಟುಬಿಡೋಣ ಎನ್ನಿಸಿದ್ದು ಸುಳ್ಳಲ್ಲ.

ಹಲ್ಲುಜ್ಜದೆ ಕಂಪ್ಯೂಟರಿನ ಮುಂದೆ ಕೂತು ನೋಡಿದೆ. ಬೈಗುಳದ ಸಾಲಿನಲ್ಲಿ 'ಅನ್‌ನೋನ್ ಕಾಲಮ್' ಎಂದಿತ್ತು. ಸೆಷನ್ಸ್ ಎಂಬ ಟೇಬಲ್ಲಿನಲ್ಲಿ ಇರಬೇಕಾದ ಕಾಲಮ್ಮೇ ಇಲ್ಲವಂತೆ. ಟೇಬಲ್ ತೆರೆದು ನೋಡಿದರೆ, ನನಗೆ ಗೊತ್ತಿದ್ದ ಆರು ಕಾಲಮ್ಮುಗಳ ಜಾಗದಲ್ಲಿ ಗುರುತಿಲ್ಲದ ಮೂರು. ಹೆಸರು ಅದೇ, ಒಳಗೆ ಕೂತವರು ಬೇರೆ.

"ಒಂದು ಟೇಬಲ್ ಹೋಗಿದೆ ಸಾರ್, ಅರ್ಧ ಗಂಟೆ ಕೊಡಿ" ಎಂದೆ.

"ಯಾವ ಟೇಬಲ್ಲು? ಮೊನ್ನೆ ತಂದದ್ದಾ?"

ನಡೆದದ್ದು ಇಷ್ಟು. ಬರಹಗಳ ತಾಣ ನಡೆಯುತ್ತಿದ್ದದ್ದು ಡ್ರೂಪಲ್ ಎಂಬ ತಂತ್ರಾಂಶದಲ್ಲಿ. ಯಾರು ಒಳಗೆ ಬಂದಿದ್ದಾರೆ, ಯಾರು ಹೊರಗಿದ್ದಾರೆ ಎಂಬ ಲೆಕ್ಕವನ್ನು ಅದು ಸೆಷನ್ಸ್ ಎಂಬ ಟೇಬಲ್ಲಿನಲ್ಲಿ ಇಡುತ್ತದೆ. ನಾವು ತಂದ ಅಂಗಡಿಯ ತಂತ್ರಾಂಶವೂ ತನ್ನ ಗಿರಾಕಿಗಳ ಓಡಾಟದ ಲೆಕ್ಕ ಇಡುತ್ತಿತ್ತು, ಅದೂ ಸೆಷನ್ಸ್ ಎಂದೇ. ಅಂಗಡಿಯನ್ನು ಸ್ಥಾಪಿಸುವಾಗ ಓಡುವ ಆಜ್ಞೆಗಳ ಪಟ್ಟಿಯಲ್ಲಿ ಪ್ರತಿ ಟೇಬಲ್ ಕಟ್ಟುವ ಮುಂಚೆ ಒಂದು ಸಾಲು ಇತ್ತು: ಡ್ರಾಪ್ ಟೇಬಲ್ ಇಫ್ ಎಕ್ಸಿಸ್ಟ್ಸ್. ಈ ಹೆಸರಿನದು ಇದ್ದರೆ ಕಿತ್ತುಹಾಕು, ಆಮೇಲೆ ಹೊಸದು ಕಟ್ಟು. ಅದು ಕಿತ್ತುಹಾಕಿತು, ಕಟ್ಟಿತು. ಹಳೆಯ ಕುಕಿ ಇಟ್ಟುಕೊಂಡಿದ್ದ ಬ್ರೌಸರುಗಳು ಬಂದು ತಮ್ಮ ಲೆಕ್ಕ ಕೇಳಿದರೆ ಲೆಕ್ಕದ ಪುಸ್ತಕವೇ ಬದಲಾಗಿದೆ. ಕುಕಿ ಇಲ್ಲದ ಮೊಮ್ಮಗ ಲೆಕ್ಕ ಕೇಳಲೇ ಇಲ್ಲ, ಆದ್ದರಿಂದ ಅವನಿಗೆ ಪುಟ ಕಂಡಿತು.

ಎರಡೂ ತಂತ್ರಾಂಶಗಳ ಟೇಬಲ್ಲುಗಳನ್ನು ಆಮೇಲೆ ಅಕ್ಕಪಕ್ಕ ಇಟ್ಟು ತಾಳೆ ನೋಡಿದೆ. ಎರಡು ಕಡೆಯದೂ ಸೇರಿ ನೂರರ ಆಸುಪಾಸು. ಅಷ್ಟರಲ್ಲಿ ಹೆಸರು ಡಿಕ್ಕಿ ಹೊಡೆದದ್ದು ಒಂದೇ ಒಂದು. ನಮ್ಮ ಅದೃಷ್ಟಕ್ಕೆ ಅದು ಸೆಷನ್ಸ್. ಅದರಲ್ಲಿದ್ದದ್ದು ಎರಡು ದಿನ ಬಾಳುವ ಮಾಹಿತಿ. ಡ್ರೂಪಲ್ ತನ್ನ ಓದುಗರನ್ನು ಯೂಸರ್ಸ್ ಎಂದು ಕರೆದರೆ ಅಂಗಡಿ ಕಸ್ಟಮರ್ಸ್ ಎನ್ನುತ್ತಿತ್ತು. ಅಂಗಡಿ ಬರೆದವನು ಆ ದಿನ ಕಸ್ಟಮರ್ಸ್ ಬದಲು ಯೂಸರ್ಸ್ ಎಂದು ಟೈಪ್ ಮಾಡಿದ್ದರೆ ಎರಡು ವರ್ಷದ ಓದುಗರೆಲ್ಲ ಒಂದು ರಾತ್ರಿಯಲ್ಲಿ ಹೋಗುತ್ತಿದ್ದರು. ನಮ್ಮ ಬ್ಯಾಕಪ್ ಹನ್ನೊಂದು ದಿನ ಹಳೆಯದು.

ಒಂದೇ ಡೇಟಾಬೇಸಿಗೆ ಎರಡನ್ನೂ ಯಾಕೆ ತುರುಕಿದೆ ಎಂದು ಈಗಿನ ಹುಡುಗರು ಕೇಳುತ್ತಾರೆ. ಪ್ರಕಾಶಕರು ತೆಗೆದುಕೊಂಡಿದ್ದ ಅಗ್ಗದ ಹೋಸ್ಟಿಂಗ್ ಯೋಜನೆಯಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸಿಗುತ್ತಿದ್ದದ್ದು ಒಂದೇ. ಎರಡನೆಯದು ಬೇಕೆಂದರೆ ಮೇಲಿನ ಯೋಜನೆಗೆ ಹೋಗಬೇಕು, ಅದಕ್ಕೆ ಹೆಚ್ಚು ದುಡ್ಡು. ನಾನು ಹೇಳಿದಾಗ ಪ್ರಕಾಶಕರು, "ಎರಡು ಒಲೆ ಹಚ್ಚೋಕೆ ಎರಡು ಮನೆ ಯಾಕಪ್ಪಾ?" ಎಂದಿದ್ದರು. ನನಗೂ ಒಳಗೊಳಗೆ ಒಪ್ಪಿಗೆಯಾಗಿತ್ತು. ಮುಂದೊಂದು ದಿನ ಓದುಗರನ್ನೂ ಗಿರಾಕಿಗಳನ್ನೂ ಒಟ್ಟಿಗೆ ಲೆಕ್ಕ ಹಾಕಬೇಕಾದರೆ ಟೇಬಲ್ಲುಗಳು ಒಂದೇ ಮನೆಯಲ್ಲಿರಬೇಕು ಎಂದು ನಾನು ನಂಬಿದ್ದೆ. ಅದು ತಪ್ಪು. ಒಂದೇ ಸರ್ವರಿನಲ್ಲಿ, ಒಂದೇ ಬಳಕೆದಾರನಿಗೆ ಅನುಮತಿಯಿರುವ ಎರಡು ಡೇಟಾಬೇಸುಗಳಿದ್ದರೆ, ಡೇಟಾಬೇಸಿನ ಹೆಸರು, ಒಂದು ಚುಕ್ಕಿ, ಟೇಬಲ್ಲಿನ ಹೆಸರು ಎಂದು ಬರೆದು ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಜೋಡಿಸಬಹುದು. ಇದು ತಿಳಿಯುವ ಹೊತ್ತಿಗೆ ತಡವಾಗಿತ್ತು.

ಆವತ್ತಿನ ರಿಪೇರಿ ಹತ್ತು ನಿಮಿಷದ್ದು. ಡ್ರೂಪಲ್ ಬರೆದವರು ಈ ಡಿಕ್ಕಿಯನ್ನು ಮೊದಲೇ ಊಹಿಸಿದ್ದರು. ಅದರ ಕೋಡಿನಲ್ಲಿ ಟೇಬಲ್ಲಿನ ಹೆಸರು ಬರುವಲ್ಲೆಲ್ಲ ಸುತ್ತ ಪುಷ್ಪಾವರಣ, ಅಂದರೆ ಬಳ್ಳಿಯಂಥ ಕಂಸ, ಇರುತ್ತಿತ್ತು. ಸೆಟ್ಟಿಂಗ್ಸ್ ಕಡತದಲ್ಲಿ ಒಂದು ಪ್ರಿಫಿಕ್ಸ್ ಕೊಟ್ಟರೆ, ಪ್ರಶ್ನೆ ಡೇಟಾಬೇಸಿಗೆ ಹೋಗುವ ಮುಂಚೆ ಆ ಕಂಸ ಕಳಚಿ ಹೆಸರಿನ ಮುಂದೆ ಪ್ರಿಫಿಕ್ಸ್ ಕೂರುತ್ತಿತ್ತು. ಬೇಕಾದರೆ ಆಗ ಒಂದೇ ಟೇಬಲ್ಲಿಗೂ ಕೊಡಬಹುದಿತ್ತು. ನಾನು 'ಲೇಖನ ಸೆಷನ್ಸ್' ಎಂದು, ನಡುವೆ ಅಂಡರ್‌ಸ್ಕೋರ್ ಹಾಕಿ, ಹೊಸ ಟೇಬಲ್ ಕಟ್ಟಿ, ಅದೊಂದಕ್ಕೆ ಮಾತ್ರ ಪ್ರಿಫಿಕ್ಸ್ ಕೊಟ್ಟೆ. ಮನೆ ಬಾಗಿಲು ತೆರೆಯಿತು. ತಿಂಡಿಗೆ ಹೋದೆ.

ಬೇರೆಯವರು ಇನ್ನೂ ಜಾಣರು. ವರ್ಡ್‌ಪ್ರೆಸ್ ಕೇಳದೆಯೇ ತನ್ನ ಎಲ್ಲ ಟೇಬಲ್ಲುಗಳ ಮುಂದೆ 'ಡಬ್ಲ್ಯುಪಿ' ಎಂದು ಅಂಟಿಸಿಕೊಂಡು ಬರುತ್ತದೆ. ಬೇಡವಾದರೆ ನೀವೇ ಬದಲಿಸಿಕೊಳ್ಳಿ. ಮ್ಯಾಂಬೋ ಎಂಬ ತಂತ್ರಾಂಶದ ಟೇಬಲ್ಲುಗಳು 'ಎಂಓಎಸ್' ಎಂದು ಶುರುವಾಗುತ್ತಿದ್ದವು. 2005ರಲ್ಲಿ ಅದು ಒಡೆದು ಜೂಮ್ಲಾ ಹುಟ್ಟಿದಾಗ 'ಜೆಓಎಸ್' ಆದವು. ಪಾಲಾದ ಅಣ್ಣತಮ್ಮಂದಿರು ಮನೆಯ ಬೋರ್ಡಿನಲ್ಲಿ ಒಂದಕ್ಷರ ಬದಲಿಸಿಕೊಂಡ ಹಾಗೆ. ಹೋಸ್ಟಿಂಗ್‌ನವರನ್ನೇ ನೋಡಿ. ನೂರಾರು ಜನ ಒಂದೇ ಸರ್ವರಿನಲ್ಲಿ ಬಾಡಿಗೆಗಿರುತ್ತಾರೆ, ಅದರಲ್ಲಿ ಐವತ್ತು ಜನವಾದರೂ ತಮ್ಮ ಡೇಟಾಬೇಸಿಗೆ 'ಮೈಡೇಟಾ' ಎಂದೇ ಹೆಸರಿಡುತ್ತಾರೆ. ಅದಕ್ಕೇ ಹೋಸ್ಟಿಂಗ್‌ನವರು ಪ್ರತಿ ಡೇಟಾಬೇಸಿನ ಹೆಸರಿನ ಹಿಂದೆ, ಅಲ್ಲ, ಮುಂದೆ, ಖಾತೆದಾರನ ಹೆಸರು ಸೇರಿಸಿಬಿಡುತ್ತಾರೆ.

ಈ ಹಿಂದೆ ಮುಂದೆ ನನಗೆ ಆಗಲೂ ಗೊಂದಲ, ಈಗಲೂ ಗೊಂದಲ. ಕನ್ನಡದವರಿಗೆ ಅದು ಸಹಜವೇನೋ. ನಮ್ಮ ಭಾಷೆಗೆ ಗೊತ್ತಿರುವುದು ಪದದ ಕೊನೆಗೆ ಅಂಟಿಸುವುದು. ವಿಭಕ್ತಿ, ಬಹುವಚನ, ಕಾಲ ಎಲ್ಲ ಬಾಲಕ್ಕೇ. ತಲೆಗೆ ಅಂಟಿಸುವ ಉಪಸರ್ಗಗಳು ಸಂಸ್ಕೃತದಿಂದ ಬಂದವು. ಆದರೆ ಹೆಸರುಗಳ ವಿಷಯಕ್ಕೆ ಬಂದರೆ ಹಳೇ ಮೈಸೂರಿನವರು ಪಕ್ಕಾ ಪ್ರಿಫಿಕ್ಸ್ ಜನ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ: ಮೊದಲು ಊರು, ಆಮೇಲೆ ತಂದೆ, ಕೊನೆಗೆ ಮನುಷ್ಯ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಬಾಲಕ್ಕೆ. ಊರುಗಳಿಗೂ ಅಷ್ಟೆ. ಬೆಳಗಾವಿಯ ಹತ್ತಿರ ಹಿರೇಬಾಗೇವಾಡಿ, ವಿಜಯಪುರ ಜಿಲ್ಲೆಯಲ್ಲಿ ಬಸವನ ಬಾಗೇವಾಡಿ. ಎರಡೂ ಬರೀ ಬಾಗೇವಾಡಿಯಾಗಿದ್ದರೆ ಅಂಚೆಯವರ ಗತಿ?

ಅಂಚೆಯವರ ಗತಿ ನನಗೆ ಚೆನ್ನಾಗಿ ಗೊತ್ತು. ನಮ್ಮಪ್ಪ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬ್ರಾಂಚ್ ಪೋಸ್ಟ್‌ಮಾಸ್ಟರ್. ಮನೆಯ ಜಗಲಿಯೇ ಅಂಚೆ ಕಚೇರಿ. ಊರಿನಲ್ಲಿ ರಂಗಪ್ಪಂದಿರು ನಾಲ್ವರು. ಮಾತಿನಲ್ಲಿ ಅವರು ಮೇಲಿನಕೇರಿ ರಂಗಪ್ಪ, ಗೌಡರ ರಂಗಪ್ಪ, ಮಿಲ್ಟ್ರಿ ರಂಗಪ್ಪ, ಬರೀ ರಂಗಪ್ಪ. ಆದರೆ ಬೊಂಬಾಯಿಯಿಂದ ಮನಿಯಾರ್ಡರ್ ಕಳಿಸುವ ಮಗನಿಗೆ ತನ್ನಪ್ಪ ಒಬ್ಬನೇ ರಂಗಪ್ಪ. ಅವನು 'ರಂಗಪ್ಪನವರಿಗೆ' ಎಂದಷ್ಟೇ ಬರೆದು ಕಳಿಸುತ್ತಿದ್ದ. ಅಪ್ಪ ವಿಳಾಸದ ಮೇಲಿನ ಹೆಸರನ್ನು ಮೊದಲು ನೋಡುತ್ತಲೇ ಇರಲಿಲ್ಲ. ಕಳಿಸಿದವನ ಹೆಸರು, ಮುದ್ರೆಯ ಊರು, ಅಕ್ಷರದ ವಾಲಿಕೆ, ಇವನ್ನು ನೋಡಿ ಆಮೇಲೆ ಹೆಸರಿಗೆ ಬರುತ್ತಿದ್ದರು. ಒಂದು ಸಲ ತಪ್ಪಿತಂತೆ, ಮುನ್ನೂರು ರೂಪಾಯಿ ಮಿಲ್ಟ್ರಿ ರಂಗಪ್ಪನಿಗೆ ಹೋಯಿತಂತೆ. ಅವನು ಪ್ರಾಮಾಣಿಕನಾಗಿ ಮೂರು ದಿನದ ಮೇಲೆ ವಾಪಸು ತಂದುಕೊಟ್ಟ, ಆದರೆ ಇನ್ನೂರ ಅರುವತ್ತು ಮಾತ್ರ. ಉಳಿದ ನಲವತ್ತನ್ನು ಅಪ್ಪ ಕೈಯಿಂದ ಹಾಕಿದರು.

ಕಳಿಸುವವನಿಗೆ ತನ್ನ ರಂಗಪ್ಪ ಒಬ್ಬನೇ. ತಂತ್ರಾಂಶ ಬರೆಯುವವನಿಗೂ ಹಾಗೇ. ಅವನು ಟೇಬಲ್ಲಿಗೆ ಸೆಷನ್ಸ್ ಎಂದು ಹೆಸರಿಡುವಾಗ ಇಡೀ ಮನೆಯಲ್ಲಿ ತಾನೊಬ್ಬನೇ ಇದ್ದೇನೆ ಎಂದುಕೊಂಡಿರುತ್ತಾನೆ. ಇದು ಸೊಕ್ಕಲ್ಲ, ಎದುರಿಗೆ ಬೇರೆ ಯಾರೂ ಕಾಣದಿದ್ದಾಗ ಹೊಳೆಯುವ ಹೆಸರೇ ಅಂಥದ್ದು. ಗೊತ್ತಿದ್ದೂ ನಾನೇ ಅದನ್ನು ಮಾಡಿದೆ. ಆರು ತಿಂಗಳಾದ ಮೇಲೆ ಪ್ರಕಾಶಕರು, ಓದುಗರು ಪುಸ್ತಕಕ್ಕೆ ವಿಮರ್ಶೆ ಬರೆಯಲು ಒಂದು ಮಾಡ್ಯೂಲ್ ಬೇಕೆಂದರು. ಬರೆದೆ. ಟೇಬಲ್ಲಿಗೆ ಏನು ಹೆಸರು? ರಿವ್ಯೂಸ್. ಓಡಿಸಿದರೆ, ಆ ಹೆಸರಿನ ಟೇಬಲ್ ಆಗಲೇ ಇದೆ ಎಂದಿತು. ಅಂಗಡಿಯದು! ನಾನು ಕಿತ್ತುಹಾಕುವ ಸಾಲು ಬರೆಯದೇ ಇದ್ದದ್ದರಿಂದ ಮಾತ್ರ ಬಚಾವು. ಆರು ತಿಂಗಳ ಹಿಂದೆ ಯಾವ ಅಂಗಡಿಯವನನ್ನು ಮನಸಾರೆ ಬೈದಿದ್ದೆನೋ ಅವನಿಗೂ ನನಗೂ ನಡುವೆ ಇದ್ದ ವ್ಯತ್ಯಾಸ ಆ ಒಂದು ಸಾಲು.

ಇನ್ನು ತೇಪೆ ಸಾಕು ಎಂದು ಒಂದು ಭಾನುವಾರ ಡ್ರೂಪಲ್‌ನ ಎಲ್ಲ ಟೇಬಲ್ಲುಗಳಿಗೂ ಬರಹದ 'ಬಿ' ಮತ್ತು ಒಂದು ಅಂಡರ್‌ಸ್ಕೋರ್ ಅಂಟಿಸಲು ಕೂತೆ. ಹೆಸರು ಬದಲಿಸುವ ಆಜ್ಞೆಗಳನ್ನು ಬರೆದುಕೊಂಡು ಒಟ್ಟಿಗೆ ಓಡಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಸರಿಯಾಯಿತೇ ಎಂದು ನೋಡಲು 'ಬಿ ಅಂಡರ್‌ಸ್ಕೋರ್' ಎಂದು ಶುರುವಾಗುವ ಟೇಬಲ್ಲುಗಳನ್ನು ಕೇಳಿದರೆ ಲೆಕ್ಕಕ್ಕಿಂತ ಎರಡು ಹೆಚ್ಚು ಬಂದವು. ಮೂರು ಸಲ ಎಣಿಸಿದೆ. ಆ ಎರಡು ಅಂಗಡಿಯವು: ಬ್ಯಾನರ್ಸ್, ಬ್ಯಾನರ್ಸ್ ಹಿಸ್ಟರಿ. ಅವು ಇಲ್ಲಿ ಯಾಕೆ ಬಂದವು? ಎಸ್‌ಕ್ಯೂಎಲ್‌ನ ಲೈಕ್ ಎಂಬ ಹುಡುಕಾಟದಲ್ಲಿ ಅಂಡರ್‌ಸ್ಕೋರ್ ಎಂದರೆ ಅಂಡರ್‌ಸ್ಕೋರ್ ಅಲ್ಲ, 'ಯಾವುದಾದರೂ ಒಂದು ಅಕ್ಷರ'. ಅದರ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಮಾತ್ರ ಅದು ತಾನೇ ಆಗುತ್ತದೆ. ಆ ಪಟ್ಟಿಯನ್ನು ನಂಬಿ ಯಾರಾದರೂ ಅಳಿಸುವ ಕೆಲಸಕ್ಕೆ ಇಳಿದಿದ್ದರೆ? ಇಳಿದವರಿದ್ದಾರೆ, ಅವರ ಕತೆ ಅವರೇ ಹೇಳಿಕೊಳ್ಳಲಿ.

ಸೆಟ್ಟಿಂಗ್ಸ್ ಕಡತ ತಿದ್ದಿದೆ. ತಾಣ ತೆರೆಯಿತು, ಹಳೆಯ ಬರಹಗಳೆಲ್ಲ ಜಾಗದಲ್ಲಿದ್ದವು. ಸಂಜೆ ಕಾಫಿ ಕುಡಿದು ಮನೆಗೆ ಹೋದೆ.

ಸೋಮವಾರ ಮತ್ತೆ ಫೋನು. "ಲೇಖನ ಹಾಕ್ತಾ ಇದೀನಿ, ಹೋಗ್ತಾನೇ ಇಲ್ಲ ಕಣಪ್ಪಾ. ಪ್ರತಿ ಸಲ ಒಂದೊಂದು ನಂಬರ್ ಹೇಳುತ್ತೆ. ಮೊದಲು ಒಂದು ಅಂತು, ಆಮೇಲೆ ಎರಡು ಅಂತು, ಮೂರು ಅಂತು." ನಾನು ಗಡಿಬಿಡಿಯಲ್ಲಿ ಕಂಪ್ಯೂಟರ್ ತೆರೆಯುವಷ್ಟರಲ್ಲಿ, "ಆಂ, ಹೋಯ್ತು ಹೋಯ್ತು! ಏಳನೇ ಸಲಕ್ಕೆ ಹೋಯ್ತು!" ಎಂದರು. ಗುಂಡಿಯನ್ನು ಬಿಡದೆ ಒತ್ತುತ್ತಲೇ ಇದ್ದರಂತೆ.

ಏಳು ಯಾಕೆ ಎಂಬುದು ಹೊಳೆಯಲು ಮಧ್ಯಾಹ್ನವಾಯಿತು. ಆ ಕಾಲದ ಡ್ರೂಪಲ್ ಮುಂದಿನ ಬರಹದ ಸಂಖ್ಯೆ ಯಾವುದು, ಮುಂದಿನ ಓದುಗನ ಸಂಖ್ಯೆ ಯಾವುದು ಎಂಬುದನ್ನು ಸೀಕ್ವೆನ್ಸಸ್ ಎಂಬ ಟೇಬಲ್ಲಿನಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಒಂದೊಂದು ಸಾಲಿಗೂ ಒಂದು ಹೆಸರು. ಆ ಹೆಸರಿನೊಳಗೆ ಟೇಬಲ್ಲಿನ ಹೆಸರು, ಪ್ರಿಫಿಕ್ಸ್ ಸಮೇತ. ನಾನು ಟೇಬಲ್ಲುಗಳ ಹೊರಗಿನ ಬೋರ್ಡು ಬದಲಿಸಿದ್ದೆ, ಒಳಗಿನ ಚೀಟಿಗಳನ್ನು ಬದಲಿಸಿರಲಿಲ್ಲ. ಹೊಸ ಹೆಸರಿನಲ್ಲಿ ಹುಡುಕಿದ ಡ್ರೂಪಲ್‌ಗೆ ಸಾಲು ಸಿಗಲಿಲ್ಲ. ಹಾಗಾದರೆ ಇದೇ ಮೊದಲ ಬರಹವಿರಬೇಕು ಎಂದುಕೊಂಡು ಒಂದರಿಂದ ಎಣಿಸತೊಡಗಿತು. ಒಂದು, ಎರಡು, ಮೂರರಲ್ಲಿ ಹಳೆಯ ಬರಹಗಳು ಕೂತಿದ್ದವು. ಏಳನೆಯದನ್ನು ನಾವು ಯಾವಾಗಲೋ ಅಳಿಸಿದ್ದೆವು. ಖಾಲಿ ಕುರ್ಚಿ ಸಿಕ್ಕಿತು, ಹೊಸ ಲೇಖನ ಅಲ್ಲಿ ಕೂತಿತು. ಎರಡು ವರ್ಷದ ಹಿಂದೆ ಯಾರೋ ಆ ಏಳನೆಯ ಬರಹದ ಕೊಂಡಿ ಉಳಿಸಿಕೊಂಡಿದ್ದರೆ, ಅವರಿಗೆ ಅವತ್ತು ಬೇರೆಯೇ ಲೇಖಕರು ಎದುರಾಗಿರಬೇಕು. 2008ರಲ್ಲಿ ಬಂದ ಡ್ರೂಪಲ್ 6ರಲ್ಲಿ ಈ ಸೀಕ್ವೆನ್ಸಸ್ ಟೇಬಲ್ಲನ್ನೇ ಕೈಬಿಟ್ಟು, ಸಂಖ್ಯೆ ಕೊಡುವ ಕೆಲಸವನ್ನು ಡೇಟಾಬೇಸಿಗೇ ಒಪ್ಪಿಸಿದರು.

ವರ್ಡ್‌ಪ್ರೆಸ್‌ನಲ್ಲೂ ಇದೇ ಹಳ್ಳವಿದೆ, ಆ ಹಳ್ಳಕ್ಕೂ ಒಂದು ಸಲ ಬಿದ್ದಿದ್ದೇನೆ. ಪ್ರಿಫಿಕ್ಸ್ ಬದಲಿಸುವಾಗ ತಿದ್ದಬೇಕಾದದ್ದು ಟೇಬಲ್ಲುಗಳನ್ನಷ್ಟೇ ಅಲ್ಲ; ಯಾರಿಗೆ ಯಾವ ಅಧಿಕಾರ ಎಂದು ಬರೆದಿಟ್ಟ ಸಾಲುಗಳ ಹೆಸರಿನಲ್ಲೂ 'ಡಬ್ಲ್ಯುಪಿ' ಇರುತ್ತದೆ. ಅದನ್ನು ಮರೆತರೆ ಯಜಮಾನನೇ ಒಳಗೆ ಬಂದರೂ 'ನಿಮಗೆ ಅನುಮತಿ ಇಲ್ಲ' ಎನ್ನುತ್ತದೆ.

ಕನ್ನಡದ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಡ್ರೂಪಲ್ ತನ್ನ ಅಕ್ಷರಗಳನ್ನು ಯುಟಿಎಫ್-8 ಎಂದೇ ಇಡುತ್ತಿತ್ತು. ಅಂಗಡಿಯ ಟೇಬಲ್ಲುಗಳು ಮೈಎಸ್‌ಕ್ಯೂಎಲ್‌ನ ಹಳೆಯ ರೂಢಿಯಂತೆ ಲ್ಯಾಟಿನ್ ಅಕ್ಷರಕ್ಕೆ, ಅದರಲ್ಲೂ ಸ್ವೀಡಿಷ್ ಅಕಾರಾದಿಗೆ, ಕಟ್ಟಿದವು. ಮೈಎಸ್‌ಕ್ಯೂಎಲ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಹಾಗಾಗಿ ಅಂಗಡಿಯ ಪುಟದಲ್ಲಿ ಕನ್ನಡವಾಗಿ ಕಾಣುವ ಪುಸ್ತಕದ ಹೆಸರು ಟೇಬಲ್ಲಿನೊಳಗೆ ಇಣುಕಿದರೆ ತಲೆಯ ಮೇಲೆ ಗೆರೆ ಎಳೆದುಕೊಂಡ 'ಎ'ಗಳ ಮೆರವಣಿಗೆ. ಒಂದೇ ಮನೆಯಲ್ಲಿ ಇಬ್ಬರು, ಒಬ್ಬರ ಬರಹ ಇನ್ನೊಬ್ಬರಿಗೆ ಓದಲು ಬಾರದು.

ಹೆಸರಿನ ಜಗಳ ತೀರಿದ ಮೇಲೆ ನಿಜವಾದ ಕಷ್ಟ ಎದುರಾಯಿತು. "ಎರಡು ಕಡೆ ಎರಡು ಪಾಸ್‌ವರ್ಡ್ ಯಾಕಪ್ಪಾ? ಓದುಗ ಬೇರೆ ಗಿರಾಕಿ ಬೇರೆನಾ? ಒಂದು ಮಾಡು" ಎಂದರು ಪ್ರಕಾಶಕರು. ಪಾಸ್‌ವರ್ಡುಗಳ ವಿಷಯ ಒಂದು ಸಾಲಿನಲ್ಲಿ ಮುಗಿಯುತ್ತದೆ: ಒಂದು ಕಡೆ ಬರೀ ಎಂಡಿ5, ಇನ್ನೊಂದು ಕಡೆ ಅದಕ್ಕೆ ಉಪ್ಪು ಬೆರೆಸಿದ ಎಂಡಿ5; ಒಂದರಿಂದ ಇನ್ನೊಂದನ್ನು ಪಡೆಯಲಾಗದು. ಮನುಷ್ಯರ ವಿಷಯ ಹಾಗಲ್ಲ. ಇಮೇಲ್ ಒಂದೇ ಆಗಿದ್ದರೆ ಆಸಾಮಿ ಒಬ್ಬನೇ ಎಂದು ಹಿಡಿದು ಜೋಡಿಸಿ ನೋಡಿದೆ. ಒಂದು ಇಮೇಲಿನ ಹಿಂದೆ ಗಂಡ ಹೆಂಡತಿ ಇಬ್ಬರೂ ಇದ್ದರು: ಒಬ್ಬರು ಕವಿತೆಗೆ ಟೀಕೆ ಬರೆಯುವವರು, ಇನ್ನೊಬ್ಬರು ಅಡುಗೆ ಪುಸ್ತಕ ತರಿಸುವವರು. ಇನ್ನೊಂದು ಇಮೇಲ್ ಒಂದು ಕಾಲೇಜಿನ ಗ್ರಂಥಾಲಯದ್ದು. ಮೂವರು ಮೇಷ್ಟರು ಅದನ್ನು ಸರದಿಯಲ್ಲಿ ಬಳಸುತ್ತಿದ್ದರು. ಪರೀಕ್ಷಾರ್ಥವಾಗಿ ಜೋಡಿಸಿದ್ದಕ್ಕೇ ಒಬ್ಬ ಮೇಷ್ಟರು ತರಿಸಿದ ಪುಸ್ತಕಗಳ ಪಟ್ಟಿ ಇನ್ನೊಬ್ಬರಿಗೆ ಕಂಡು, ಸಣ್ಣದೊಂದು ರಾಮಾಯಣವಾಯಿತು. ಅತ್ತ ಒಬ್ಬರೇ ಮೂರು ಇಮೇಲ್‌ಗಳಲ್ಲಿ ಮೂವರಾಗಿ ಬದುಕುತ್ತಿದ್ದದ್ದೂ ಇತ್ತು.

ಆ ವಾರ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರಿಗೆ ಡೇಟಾಬೇಸ್ ಎಂದರೇನೆಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. "ನಾಲ್ಕು ರಂಗಪ್ಪಂದಿರನ್ನ ಬೇರೆ ಮಾಡೋದು ಸುಲಭ ಮಗಾ. ಎರಡು ಹೆಸರಿನಲ್ಲಿ ಬರೋ ಕಾಗದ ಒಬ್ಬನದೇ ಅಂತ ಹೇಳೋದು ಇದೆ ನೋಡು, ಅದು ಅವನನ್ನೇ ಕೇಳಬೇಕು" ಎಂದರು.

ಕೇಳಿದೆವು. ಒಳಗೆ ಬಂದವರಿಗೆ ಒಂದು ಪುಟ: ನಿಮಗೆ ಅಂಗಡಿಯಲ್ಲೂ ಖಾತೆ ಇದೆಯೆ, ಇದ್ದರೆ ಅಲ್ಲಿನ ಪಾಸ್‌ವರ್ಡ್ ಒಮ್ಮೆ ಕೊಡಿ, ಜೋಡಿಸುತ್ತೇವೆ. ಜೋಡಿಸಿದ್ದನ್ನು ಬರೆದಿಡಲು ಎರಡು ಕಾಲಮ್ಮಿನ ಒಂದು ಟೇಬಲ್ ಬೇಕಾಯಿತು: ಈ ಕಡೆಯ ಸಂಖ್ಯೆ, ಆ ಕಡೆಯ ಸಂಖ್ಯೆ. ಅದು ಡ್ರೂಪಲ್‌ದೂ ಅಲ್ಲ, ಅಂಗಡಿಯದೂ ಅಲ್ಲ. ಹೆಸರೇನು? ಲಿಂಕ್ಸ್ ಎಂದರೆ ನಾಳೆ ಯಾವನೋ ಬರುತ್ತಾನೆ. 'ಸಂಬಂಧ' ಎಂದಿಡೋಣ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದ, ಯಾರೂ ಮುಟ್ಟುವುದಿಲ್ಲ ಎಂದೆ. ಜೊತೆಗಾರ ಧಾರವಾಡದವನು. "ಅದು ಸಂಸ್ಕೃತ ಮಾರಾಯಾ, ಪುಣೇದಾಂವನೂ ಅದನ್ನ ಇಡ್ತಾನ" ಎಂದ. ಕೊನೆಗೆ 'ನಂಟು' ಎಂದಿಟ್ಟೆವು. ಅಲ್ಲಿಂದ ಮುಂದೆ ನಾನು ಕಟ್ಟಿದ ಟೇಬಲ್ಲುಗಳಿಗೆಲ್ಲ ಕನ್ನಡದ ಹೆಸರೇ. ಇವತ್ತಿನವರೆಗೆ ಒಂದೂ ಡಿಕ್ಕಿ ಹೊಡೆದಿಲ್ಲ.

2011ರಲ್ಲಿ ನಾನು ಹೊರವರ್ತುಲ ರಸ್ತೆಯ ಒಂದು ದೊಡ್ಡ ಕಂಪನಿಗೆ ಸೇರಿದೆ. ಅಲ್ಲಿ ಬಳಸುತ್ತಿದ್ದ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರಲ್ಲಿ ಒಂದು ಡೇಟಾಬೇಸಿನೊಳಗೇ ಸ್ಕೀಮಾ ಎಂಬ ಕೋಣೆಗಳು. ಪ್ರತಿ ಕೋಣೆಯಲ್ಲೂ ಒಂದೊಂದು ಯೂಸರ್ಸ್ ಇರಬಹುದು, ಯಾರಿಗೂ ತೊಂದರೆಯಿಲ್ಲ. ಇಷ್ಟು ವರ್ಷ ಅಂಡರ್‌ಸ್ಕೋರ್ ಹಚ್ಚಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆ ಆರು ವಾರ ಇತ್ತು. ಒಂದು ದಿನ ಸಹೋದ್ಯೋಗಿಯೊಬ್ಬರ ವರದಿಯಲ್ಲಿ ಮಾತ್ರ ಮಾರಾಟ ಸೊನ್ನೆ. ಉಳಿದವರೆಲ್ಲರ ಪರದೆಯ ಮೇಲೆ ಸರಿಯಾದ ಅಂಕಿ. ಕೋಣೆಯ ಹೆಸರು ಹೇಳದೆ ಬರೀ ಟೇಬಲ್ ಕೇಳಿದರೆ ಪೋಸ್ಟ್‌ಗ್ರೆಸ್ ಮೊದಲು ಕೇಳಿದವನ ಹೆಸರಿನದೇ ಕೋಣೆ ಇದೆಯೇ ಎಂದು ನೋಡಿ, ಆಮೇಲೆ ಪಬ್ಲಿಕ್ ಎಂಬ ನಡುಮನೆಗೆ ಬರುತ್ತದೆ. ಅವರು ಯಾವತ್ತೋ ಪ್ರಯೋಗಕ್ಕೆಂದು ತಮ್ಮ ಹೆಸರಿನ ಕೋಣೆಯಲ್ಲಿ ಒಂದು ಖಾಲಿ ಟೇಬಲ್ ಕಟ್ಟಿ ಮರೆತಿದ್ದರು. ನನಗೆ ಪ್ರಕಾಶಕರ ಮೊಮ್ಮಗನ ಕಂಪ್ಯೂಟರ್ ನೆನಪಾಯಿತು.

2014ರಲ್ಲಿ ಪ್ರಕಾಶಕರು ತಾಣವನ್ನು ನಿಲ್ಲಿಸುವುದೆಂದು ತೀರ್ಮಾನಿಸಿದರು. ಪುಸ್ತಕಗಳು ಬೇರೆಯವರ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಬರಹಗಳನ್ನು ಇಳಿಸಿಕೊಟ್ಟರೆ ಸಾಕು ಎಂದರು. ಹಳೆಯ ನಂಟೆಂದು ಒಪ್ಪಿಕೊಂಡು, ಕೆಲಸ ಕಲಿಯುತ್ತಿದ್ದ ನನ್ನ ಅಕ್ಕನ ಮಗಳನ್ನು ಜೊತೆಗೆ ಕೂರಿಸಿಕೊಂಡೆ. ಟೇಬಲ್ಲುಗಳ ಪಟ್ಟಿ ಇಳಿಸುತ್ತಾ ಹೋದಳು.

"ಮಾಮ, ಸೆಷನ್ಸ್ ಮೂರಿದೆ. ಒಂದು ಬರೀ ಸೆಷನ್ಸ್, ಒಂದು ಬಿ ಸೆಷನ್ಸ್, ಒಂದು ಲೇಖನ ಸೆಷನ್ಸ್."

"ಲೇಖನದ್ದು ಒಂದು ಬೆಳಗ್ಗೆ ಅವಸರಕ್ಕೆ ಕಟ್ಟಿದ್ದು. ತೆಗೆಯೋದು ಮರೆತಿದ್ದೆ."

"ಮತ್ತೆ ಇದು? ನಂಟು ಅಂತ ಇದೆ. ಯಾವ ಸಾಫ್ಟ್‌ವೇರ್‌ದು?"

"ಯಾವುದರದ್ದೂ ಅಲ್ಲ."

ಅವಳು ಸಾಲುಗಳನ್ನು ಎಣಿಸುವ ಆಜ್ಞೆ ಕೊಟ್ಟಳು. ನಲವತ್ತೊಂದು.

"ಇಷ್ಟೂ ವರ್ಷದಲ್ಲಿ ನಲವತ್ತೊಂದೇ ಜನಾನಾ?"

"ಕೇಳಿದ್ದು ಎಲ್ಲರನ್ನೂ" ಎಂದೆ.